ನಾನು ಜಪಾನಿ ಕಾಗದ ಓದಿದ್ದು

ಹೊಳಲ್ಕೆರೆಯಲ್ಲಿ ಮೂವತ್ತು ವರ್ಷ ಹಿಂದಿ ಮೇಷ್ಟರಾಗಿದ್ದ ನನಗೆ ಒಂದು ಕಾಯಿಲೆ ಅಂಟಿದೆ. ಯಾರು ಏನೇ ಕೇಳಲಿ, ಬರುವುದಿಲ್ಲ ಎನ್ನಲು ನಾಲಿಗೆ ಏಳುವುದಿಲ್ಲ. ನಿವೃತ್ತನಾದ ಮೇಲೆ ಹೊತ್ತು ಹೋಗದೆ ಮೊಬೈಲಿನಲ್ಲಿ ಚೀನೀ ಅಕ್ಷರ ಕಲಿಯತೊಡಗಿದೆ. ಇನ್ನೂರು ಅಕ್ಷರ ಬಂದದ್ದೇ ತಡ, ಜಪಾನಿಯೂ ಬಂದಂತೆಯೇ ಎಂದು ಬೀದಿಗೆಲ್ಲ ಸಾರಿಬಿಟ್ಟೆ. ಅವರು ಬರೆಯುವುದೂ ಅವೇ ಅಕ್ಷರಗಳನ್ನು ತಾನೆ?

ಹಿಂದಿ ಮೇಷ್ಟರಾದವನು ಹಾಗನ್ನಬಾರದಿತ್ತು. ಹಿಂದಿಯವರ ಶಿಕ್ಷಾ ವಿದ್ಯೆ, ನಮ್ಮ ಶಿಕ್ಷೆ ಬೆತ್ತದ್ದು. ನನ್ನ ತರಗತಿಯಲ್ಲಿ ಎರಡೂ ಒಂದೇ ಆಗಿದ್ದವೆಂದು ಹಳೇ ವಿದ್ಯಾರ್ಥಿಗಳ ದೂರು. ಅಲ್ಲಿ ಉಪನ್ಯಾಸ ಎಂದರೆ ಕಾದಂಬರಿ, ಇಲ್ಲಿ ಭಾಷಣ. ಒಂದೇ ಮನೆಯ ಹೆಣ್ಣುಮಕ್ಕಳು ಬೇರೆ ಬೇರೆ ಊರಿಗೆ ಸೊಸೆಯರಾಗಿ ಹೋಗಿ ಅಲ್ಲಲ್ಲಿನ ಅಡುಗೆ ಕಲಿತ ಹಾಗೆ. ಚೀನಾದಲ್ಲಿ ತಾಯಿ ಎನಿಸಿಕೊಂಡ ಅಕ್ಷರ ಜಪಾನಿಗೆ ಹೋಗಿ ಮಗಳಾಗಿದೆಯಂತೆ. ಇದೆಲ್ಲ ನಾನು ತಿಳಿದುಕೊಂಡದ್ದು ಮಾನ ಹೋದ ಮೇಲೆ.

ನನ್ನ ಭಾವಮೈದ ರುದ್ರೇಶ ಚಿತ್ರದುರ್ಗದ ಗುಡ್ಡಗಳ ಮೇಲಿನ ಗಾಳಿಯಂತ್ರ ನೋಡಿಕೊಳ್ಳುವವನು. ಒಂದು ದಿನ ಜಪಾನಿನ ಇಂಜಿನಿಯರೊಬ್ಬರನ್ನು ನಮ್ಮಲ್ಲಿಗೆ ಊಟಕ್ಕೆ ಬಿಟ್ಟು, "ಭಾವ, ನಿಮಗೆ ಬರ್ತೈತಲ್ಲ, ಮಾತಾಡಿಸ್ತಿರ್ರಿ" ಎಂದು ಕೆಲಸಕ್ಕೆ ಓಡಿದ. ಇಂಗ್ಲಿಷಿನಲ್ಲಿ ನಾನೂ ಬಡವ, ಬಂದ ಅತಿಥಿಯೂ ಬಡವರು. ನನ್ನ ಹೆಂಡತಿ ಶಾಂತಾ ಬೆಳಗಿನಿಂದ ಬೆವರಿಳಿಸಿ ಮಾಡಿದ ಹೋಳಿಗೆಯನ್ನು ಅವರು ಬೇಡವೆಂದರೂ ಬಿಡದೆ ಬಡಿಸಿದಳು. ಊಟ ಮುಗಿಸಿ ಅವರು ಅವಳಿಗೆ ನಡು ಬಗ್ಗಿಸಿ ನಮಸ್ಕರಿಸಿದರು. ಪೆನ್ನು ಕೇಳಿ ಪೇಪರಿನ ಅಂಚಿನಲ್ಲಿ ಎರಡು ಅಕ್ಷರ ಬರೆದರು. ಒಂದು ಕೈ, ಇನ್ನೊಂದು ಕಾಗದ. ನನ್ನ ಚೀನೀ ಪಾಠದ ಪ್ರಕಾರ ಆ ಜೋಡಿ ಎಂದರೆ ಶೌಚದ ಕಾಗದ. ಪಾಪ, ಎಷ್ಟು ಅವಸರವೋ ಎಂದು ಕೈಹಿಡಿದು ಹಿತ್ತಲಿಗೆ ಕರೆದೊಯ್ದೆ. ಅವರು ಒಳಗೆ ಹೋದರು, ಐದು ನಿಮಿಷ ಬಿಟ್ಟು ಬಂದು ಮತ್ತೊಮ್ಮೆ ನಡು ಬಗ್ಗಿಸಿದರು.

ತಿಂಗಳ ಮೇಲೆ ಅಂಚೆಯಲ್ಲಿ ಅವರ ಕಾಗದ ಬಂತು. ಶಾಂತಾ ಅಕ್ಕಪಕ್ಕದವರನ್ನೆಲ್ಲ ಕರೆದು, "ಓದ್ರಿ, ನಮ್ಮ ಊಟದ ಬಗ್ಗೆ ಏನಾರ ಬರ್ದಿರ್ತಾರೆ" ಎಂದು ಎದುರಿಗೇ ಕುಂತಳು. ನನಗೆ ಗುರುತು ಸಿಕ್ಕಿದ್ದು ಆರೇಳು ಅಕ್ಷರ, ಮಿಕ್ಕಿದ್ದೆಲ್ಲ ಜಿಲೇಬಿ. ಅವಳ ಮುಖ ನೋಡಿದರೆ ಸುಮ್ಮನಿರಲು ಮನಸ್ಸಾಗಲಿಲ್ಲ. "ಅಮ್ಮನವರ ಹೋಳಿಗೆ ಹೂವಿನಷ್ಟು ಮೆತ್ತಗಿತ್ತು. ಆ ಕೈಯ ರುಚಿ ಉಂಡವರು ಪುಣ್ಯವಂತರು" ಎಂದು ಗಂಟಲು ಸರಿಮಾಡಿಕೊಂಡು ಓದಿದೆ. ಶಾಂತಾ ಸೆರಗಿನಿಂದ ಕಣ್ಣೊರೆಸಿಕೊಂಡಳು.

ಸಂಜೆ ರುದ್ರೇಶ ಬಂದು ಮೊಬೈಲಿನಲ್ಲಿ ಕಾಗದದ ಫೋಟೋ ಹಿಡಿದ. ಅದು ಕನ್ನಡದಲ್ಲಿ ಒದರಿತು: "ಕಾಗದ ಬರೆಯುತ್ತೇನೆಂದು ಅವತ್ತೇ ಬರೆದು ತೋರಿಸಿದ್ದೆ. ಹಿರಿಯರು ಶೌಚಾಲಯಕ್ಕೆ ಏಕೆ ಕರೆದೊಯ್ದರೋ ತಿಳಿಯಲಿಲ್ಲ. ನಿಮ್ಮ ಪದ್ಧತಿ ಇರಬೇಕೆಂದು ಒಳಗೆ ಸುಮ್ಮನೆ ನಿಂತಿದ್ದೆ. ಊಟಕ್ಕೆ ಧನ್ಯವಾದ."

ಕೈ, ಕಾಗದ ಎರಡೂ ಸೇರಿದರೆ ಜಪಾನಿಯಲ್ಲಿ ಅಂಚೆಯ ಕಾಗದವಂತೆ! ರುದ್ರೇಶ ಬಿದ್ದು ಬಿದ್ದು ನಕ್ಕ. ಶಾಂತಾ ನಗಲಿಲ್ಲ. "ಹಂಗಾರೆ ಹೋಳಿಗೆ ಮಾತು?"

"ನನಗೆ ಓದಕ್ಕೆ ಬರ್ಲಿಲ್ಲ ಕಣೇ. ಅದು ನಾನೇ ಹೇಳಿದ್ದು."

ಅವಳು ಕಾಗದವನ್ನು ತಿರುಗಿ ನನ್ನ ಕೈಗಿಟ್ಟು ಎದುರಿಗೆ ಕುಂತಳು. "ಅವರು ಹೇಳಿದ್ದಾಗಿದ್ರೆ ಒಂದ್ಸಲ ಸಾಕಿತ್ತು. ನೀವು ಹೇಳಿದ್ದಾ? ಇನ್ನೊಂದ್ಸಲ ಓದ್ರಿ."