ಕೂಗೆಲ್‌ಗೆ ಸವರಿದ ತುಪ್ಪ

ಹಿಮದೇಶದ ಈ ಸೋಲ್ನಾ ಊರಿನ ಡಿಸೆಂಬರಿನಲ್ಲಿ ಮಧ್ಯಾಹ್ನದ ಊಟ ಮುಗಿಸಿ ಕೈ ತೊಳೆಯುವಷ್ಟರಲ್ಲಿ ಸಂಜೆಯಾಗಿರುತ್ತದೆ. ಆ ಶುಕ್ರವಾರ ಬೆಳಗಿನಿಂದ ಅದೇ ನನ್ನ ತಲೆ ತಿನ್ನುತ್ತಿತ್ತು. ಕೆಳಗಿನ ಮನೆಯ ಯಹೂದಿ ಅಜ್ಜಿ ಮಂಜಿನ ಮೇಲೆ ಜಾರಿ ಬಿದ್ದು ಬಲಗೈಗೆ ಪ್ಲಾಸ್ಟರ್ ಹಾಕಿಸಿಕೊಂಡಿದ್ದರು. ಸೂರ್ಯ ಮುಳುಗಿದರೆ ಅವರ ಸಬ್ಬತ್, ಅಂದರೆ ವಾರದ ವಿಶ್ರಾಂತಿಯ ಪವಿತ್ರ ದಿನ, ಶುರು. ಆಮೇಲೆ ಒಲೆ ಹಚ್ಚುವಂತಿಲ್ಲ, ಅಡುಗೆ ಮಾಡುವಂತಿಲ್ಲ. ಅಷ್ಟರೊಳಗೆ ಕೂಗೆಲ್ ಬೇಯಬೇಕು. ತುರಿದ ಆಲೂಗಡ್ಡೆ, ಈರುಳ್ಳಿ, ಮೊಟ್ಟೆ ಕಲಸಿ ಓವನ್ನಿನಲ್ಲಿ ಕೆಂಪಗೆ ಬೇಯಿಸುವ ದಪ್ಪನೆಯ ಪುಡಿಂಗ್ ಅದು, ಸಿಹಿ ಇಲ್ಲದ್ದು. ನಾನೇ ತುರಿದು ಕೊಡುತ್ತೇನೆ ಎಂದು ಹಿಂದಿನ ದಿನ ಲಿಫ್ಟಿನಲ್ಲಿ ಒಪ್ಪಿಕೊಂಡುಬಿಟ್ಟಿದ್ದೆ.

ಮೊಮ್ಮಗಳು ಊಟಕ್ಕೆ ಬರುವವಳಿದ್ದಳು. ಹೊರದೇಶದಲ್ಲಿ ಓದುತ್ತಾ ಆ ಹುಡುಗಿ ಧರ್ಮದ ಕಟ್ಟುಪಾಡುಗಳನ್ನು ಅಜ್ಜಿಗಿಂತ ಬಿಗಿಯಾಗಿ ಹಿಡಿದುಕೊಂಡಿದ್ದಳು. ಕಳೆದ ಸಲ ಬಂದಾಗ ಅಜ್ಜಿಯ ಅಡುಗೆ ಮುಟ್ಟದೆ, ಅದೇ ಮೇಜಿನ ಮುಂದೆ ಕೂತು ತನ್ನ ಚೀಲದಿಂದ ಸೇಬು ತೆಗೆದು ತಿಂದಿದ್ದಳಂತೆ. ಇದನ್ನು ಹೇಳುವಾಗ ಅಜ್ಜಿ ನಗಲು ನೋಡಿದರು, ಆಗಲಿಲ್ಲ. ಅಂದಿನಿಂದ ಹಳೆಯ ಪಾತ್ರೆಗಳನ್ನೆಲ್ಲ ಕೊಟ್ಟು, ಹೊಸದು ತಂದು, ಅಡುಗೆಮನೆಯನ್ನು ಶಾಸ್ತ್ರಬದ್ಧ ಮಾಡಿ ಕಾಯುತ್ತಿದ್ದರು.

ಅಜ್ಜಿಯ ಅಡುಗೆಮನೆಯಲ್ಲೇ ಲ್ಯಾಪ್‌ಟಾಪ್ ತೆರೆದಿಟ್ಟು, ಆಫೀಸಿನ ಮೀಟಿಂಗ್ ನಡೆಯುತ್ತಿರುವಾಗಲೇ ಹೆಡ್‌ಫೋನ್ ಸಿಕ್ಕಿಸಿಕೊಂಡು ತುರಿದೆ. ನಮ್ಮ ಮ್ಯಾನೇಜರ್ ಬಜೆಟ್ ವಿವರಿಸುತ್ತಿದ್ದರೆ ನಾನು ಈರುಳ್ಳಿಗೆ ಕಣ್ಣೀರು ಸುರಿಸುತ್ತಿದ್ದೆ. ಅಜ್ಜಿ ಸ್ಟೂಲಿನ ಮೇಲೆ ಕೂತು ಒಂದೊಂದು ಮೊಟ್ಟೆಯನ್ನೂ ಬೇರೆ ಲೋಟಕ್ಕೆ ಒಡೆಸಿ, ರಕ್ತದ ಚುಕ್ಕೆ ಇದೆಯೇ ಎಂದು ಬೆಳಕಿಗೆ ಹಿಡಿದು ನೋಡುತ್ತಿದ್ದರು. ಓವನ್ ಬಿಸಿಗಿಡಲು ನಾನು ಕೈ ಚಾಚಿದಾಗ ತಡೆದರು.

"ಸ್ವಿಚ್ ನೀನು ಮುಟ್ಬೇಡ. ಅದನ್ನ ನಾನೇ ಹಾಕ್ಬೇಕು. ಯಹೂದಿ ಅಲ್ದೋರು ಹಚ್ಚಿದ ಬೆಂಕೀಲಿ ಬೆಂದಿದ್ದನ್ನ ಅವಳು ತಿನ್ನಲ್ಲ."

ನನಗೆ ಪಿತ್ತ ನೆತ್ತಿಗೇರಿತು. ಬೆಂಗಳೂರಿನಲ್ಲಿ ನಾವು ಬಾಡಿಗೆಗಿದ್ದ ಮನೆಯ ಒಡತಿ, ನಾನು ಕೊಟ್ಟ ಪಾಯಸವನ್ನು ನಗುತ್ತಾ ಇಸಿದುಕೊಂಡು ಹಿತ್ತಲಿನ ಗಿಡಕ್ಕೆ ಸುರಿದದ್ದನ್ನು ಕಣ್ಣಾರೆ ಕಂಡವಳು ನಾನು. ಏಳು ಸಮುದ್ರ ದಾಟಿ ಬಂದರೂ ಇದೇ ಗೋಳೇ ಎನ್ನಿಸಿತು. ಎದ್ದು ಹೋಗಿಬಿಡಲೇ ಎಂದುಕೊಂಡೆ. ಆದರೆ ಅಜ್ಜಿ ಎಡಗೈಯಲ್ಲಿ ಆ ಗುಂಡಿ ತಿರುಗಿಸಲು ಒದ್ದಾಡುತ್ತಿದ್ದರು, ಹೊರಗೆ ಬೆಳಕು ಆಗಲೇ ಮಂಕಾಗತೊಡಗಿತ್ತು. ಹಲ್ಲು ಕಚ್ಚಿಕೊಂಡು ತುರಿದದ್ದನ್ನೆಲ್ಲ ಕಲಸಿದೆ.

ಫಾಯಿಲ್ ಟ್ರೇಗೆ ಎಣ್ಣೆ ಸವರಿ ಎಲ್ಲವನ್ನೂ ಸುರಿದೆ. ಮೇಲ್ಭಾಗ ಒಣಒಣವಾಗಿ ಕಂಡಿತು. ಅಜ್ಜಿ ಒಳಗೆ ಮೇಣದಬತ್ತಿ ಜೋಡಿಸುತ್ತಿದ್ದರು. ನಾನು ಓಡಿಹೋಗಿ ನಮ್ಮ ಮನೆಯಿಂದ ತುಪ್ಪ ತಂದು ಧಾರಾಳವಾಗಿ ಸವರಿದೆ. ಕೋಪದಲ್ಲಿ ಕಲಸಿದ್ದಕ್ಕೆ ಪ್ರಾಯಶ್ಚಿತ್ತವೂ ಆದೀತು ಎಂದಿತ್ತು ಮನಸ್ಸಿನಲ್ಲಿ. ಕೋಳಿ ಸೂಪಿನ ಊಟ, ಮಾಂಸವಿದ್ದಲ್ಲಿ ಹಾಲು ಬೆಣ್ಣೆ ಸೋಕಬಾರದು ಎಂದು ಅವರು ಬೆಳಿಗ್ಗೆಯೇ ಹೇಳಿದ್ದರು. ನಾನು ತಲೆಯಾಡಿಸಿದ್ದೆ. ಆದರೆ ತುಪ್ಪವನ್ನು ಹಾಲಿನ ಲೆಕ್ಕಕ್ಕೆ ಸೇರಿಸಬೇಕೆಂದು ನನಗೆ ಹೊಳೆದೇ ಇರಲಿಲ್ಲ. ನಮ್ಮ ಮನೆಗಳಲ್ಲಿ ಎಲ್ಲವೂ ಆದ ಮೇಲೆ ಒಂದು ಹನಿ ತುಪ್ಪ ಬಿದ್ದರೆ ಅಡುಗೆ ಪೂರ್ತಿಯಾದಂತೆ, ಅಷ್ಟೇ.

ಟ್ರೇ ಒಳಗಿಡುವ ಮುಂಚೆ ಅಜ್ಜಿ ಬಂದು ಮೂಗು ಅರಳಿಸಿದರು. "ಏನಿದು ವಾಸನೆ?"

"ತುಪ್ಪ. ಬೆಣ್ಣೆ ಕಾಯಿಸಿ..." ಎನ್ನುತ್ತಿದ್ದಂತೆ ನನಗೇ ಅರ್ಥವಾಯಿತು.

ಅವರು ಬಯ್ಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಟ್ರೇಯನ್ನೇ ನೋಡುತ್ತಾ ಸ್ಟೂಲಿನ ಮೇಲೆ ಕುಸಿದು, "ಮತ್ತೆ ಸೇಬೇ ತಿಂತಾಳೆ," ಎಂದರು.

ಅವರು ಹಾಗೆ ಹೇಳಿದ್ದು ಕೇಳಿ ನನ್ನ ಕೋಪ ಎಲ್ಲಿ ಹೋಯಿತೋ. ನಮ್ಮ ಮನೆಯಿಂದ ಆಲೂಗಡ್ಡೆ, ಮೊಟ್ಟೆ ತಂದು ಸುರಿದೆ. ಹಸಿ ಆಲೂಗಡ್ಡೆಗಾದರೂ ಜಾತಿ ಇಲ್ಲವಷ್ಟೆ. ತುಪ್ಪ ಮುಟ್ಟಿದ ಕೈಯನ್ನು ಉಜ್ಜಿ ಉಜ್ಜಿ ತೊಳೆದೆ. ಲ್ಯಾಪ್‌ಟಾಪ್ ಮುಚ್ಚಿದೆ, ಯಾರೋ ಕರೆಯುತ್ತಿದ್ದರು, ಕರೆಯಲಿ. ದೊಡ್ಡ ಟ್ರೇ ಬೇಯಲು ಹೊತ್ತಿರಲಿಲ್ಲ. ಅಜ್ಜಿಯ ಕಪಾಟಿನಲ್ಲಿ ಮಫಿನ್ ಮಾಡುವ ಕಾಗದದ ಬಟ್ಟಲುಗಳಿದ್ದವು. ಚಿಕ್ಕದಾದರೆ ಬೇಗ ಬೇಯುತ್ತದೆ ಎಂದು ಅವುಗಳಿಗೆ ತುಂಬಿದೆ. ಮತ್ತೆ ತುರಿಯುವ ಅವಸರದಲ್ಲಿ ಗೆಣ್ಣು ತುರಿಮಣೆಗೆ ಸಿಕ್ಕು ಸುಲಿದಿತ್ತು. ಅಜ್ಜಿ ಕಿಟಕಿಗೂ ಓವನ್ನಿಗೂ ಓಡಾಡುತ್ತಾ, "ಕೆಂಪಗಾಯ್ತಾ? ಆಯ್ತಾ?" ಎಂದು ಕೇಳುತ್ತಲೇ ಇದ್ದರು. ಸೂರ್ಯ ಇನ್ನೇನು ಮುಳುಗಬೇಕು ಎನ್ನುವಷ್ಟರಲ್ಲಿ ಹೊರತೆಗೆದೆವು. ಅವರು ಓವನ್ ಆರಿಸಿ ಮೇಣದಬತ್ತಿ ಹಚ್ಚಲು ಹೋದರು. ನಾನು ಆ ತುಪ್ಪದ ಟ್ರೇ ಎತ್ತಿಕೊಂಡು ಮೇಲೆ ಬಂದೆ.

ಬಂದವಳಿಗೆ ಕೂತಲ್ಲಿ ಕೂರಲಾಗಲಿಲ್ಲ. ಕೆಳಗೆ ಬಾಗಿಲು ತೆರೆದ ಸದ್ದು, ಹುಡುಗಿಯ ದನಿ, ಆಮೇಲೆ ಏನೂ ಇಲ್ಲ. ನಮ್ಮ ಓವನ್ನಿನಲ್ಲಿ ಕೂಗೆಲ್ ಘಮಘಮಿಸುತ್ತಿತ್ತು. ನನ್ನ ಗಂಡ ಅದಕ್ಕೆ ಉಪ್ಪಿನಕಾಯಿ ಹಚ್ಚಿಕೊಂಡು ತಿನ್ನುತ್ತಾ, "ಅವರ ಮನೆ ವಿಷ್ಯಕ್ಕೆ ನೀನ್ಯಾಕೆ ಇಷ್ಟು ಟೆನ್ಶನ್ ಮಾಡ್ಕೋತೀಯಾ? ಕೂತ್ಕೋ ಸ್ವಲ್ಪ, ಸೂಪರ್ ಆಗಿದೆ," ಎಂದ.

"ನಿನಗೇನು ಗೊತ್ತು, ಸುಮ್ನೆ ತಿನ್ನು," ಎಂದು ಹರಿಹಾಯ್ದೆ. ನನ್ನ ಕೈ ತುರಿದದ್ದೆಂದು ತಿಳಿದರೆ ಆ ಹುಡುಗಿ ತಟ್ಟೆ ಸರಿಸಿಬಿಟ್ಟರೆ? ಅಜ್ಜಿಗೆ ಸುಳ್ಳು ಹೇಳಲು ಬರುವುದಿಲ್ಲ.

ಬಾಗಿಲು ತಟ್ಟಿದರು. ಸಬ್ಬತ್ ದಿನ ಬೆಲ್ ಒತ್ತುವಂತಿಲ್ಲ, ಹಾಗಾಗಿ ಯಾರೆಂದು ತಿಳಿಯಿತು. ಮೊಮ್ಮಗಳು ಏದುಸಿರು ಬಿಡುತ್ತಾ ನಿಂತಿದ್ದಳು.

"ನೀವು ತುರಿದ್ರಿ ಅಂತ ಅಜ್ಜಿ ಹೇಳಿದ್ರು. ಓವನ್ ತಾನೇ ಹಚ್ಚಿದ್ದು ಅಂದ್ರು, ನಾನು ಎರಡು ತಿಂದೆ. ಮೂರನೇದಕ್ಕೆ ಕೈ ಹಾಕಿದ್ದೇ ಅಳೋಕೆ ಶುರು ಮಾಡಿದ್ರು. ನಿಲ್ಲಿಸ್ತಾನೇ ಇಲ್ಲ. ನಾನೇನು ತಪ್ಪು ಮಾಡಿದೆ ಅಂತ ಗೊತ್ತಾಗ್ತಿಲ್ಲ. ಸ್ವಲ್ಪ ಬರ್ತೀರಾ?"

ಚಪ್ಪಲಿ ಹುಡುಕುವಷ್ಟು ತಾಳ್ಮೆ ನನಗಿರಲಿಲ್ಲ. ಕಾಲುಚೀಲದಲ್ಲೇ ಮೆಟ್ಟಿಲಿಳಿದು ಹೋದೆ. ಅಜ್ಜಿ ನನ್ನನ್ನು ಕಂಡದ್ದೇ ಎಡಗೈಯಿಂದ ನನ್ನ ತೋಳನ್ನು ಗಟ್ಟಿಯಾಗಿ ಹಿಡಿದುಕೊಂಡರು.

"ತಿಂದ್ಳು ಕಣೇ," ಎಂದರು. "ತಿಂದ್ಳು."