ತಾನಾಗಿ ನಿಲ್ಲದ ಪಂಪು

ಗರುಡಾಚಾರ್‌ಪಾಳ್ಯದ ನಮ್ಮ ಆಫೀಸಿಗೆ ನಾಲ್ಕು ಅಂತಸ್ತು, ನಾಲ್ಕೂ ಕಡೆ ಗಾಜು. ಕಟ್ಟಿಸಿದವರಿಗೆ ಅದು ಶೋಕಿ, ಒಳಗೆ ಕೂತವರಿಗೆ ಬೇಸಿಗೆಯಲ್ಲಿ ಕುಲುಮೆ, ಕಟ್ಟಡದ ಉಸ್ತುವಾರಿ ಹೊತ್ತಿದ್ದ ನನಗೆ ವರ್ಷವಿಡೀ ತಲೆನೋವು. ಎದುರಿನ ರಸ್ತೆಯನ್ನು ಯಾರಾದರೂ ಅಗೆಯುತ್ತಲೇ ಇರುತ್ತಿದ್ದರು. ಇವತ್ತು ತೊಳೆದ ಗಾಜು ನಾಳೆ ಕೆಂಪಾಗುತ್ತಿತ್ತು. ಕಲೆ ಕಂಡರೆ ನನಗೆ ಮೈ ಉರಿಯುತ್ತದೆ. ಹೊಸ ತಿಪ್ಪಸಂದ್ರದ ನಮ್ಮ ಮನೆಯಲ್ಲಿ ನೀರಿನ ಲೋಟವನ್ನೂ ಬೆಳಕಿಗೆ ಹಿಡಿದು ನೋಡುವವಳು ನಾನು. ಅದಕ್ಕೇ ಗಾಜು ತೊಳೆಯಲು ಬರುವವರಲ್ಲಿ ಮಾನಪ್ಪ ನನ್ನ ಕಣ್ಣಿಗೆ ಬಿದ್ದದ್ದು. ಬೇರೆಯವರು ನೀರು ಎರಚಿ ಹೋಗುತ್ತಿದ್ದರು. ಇವನು ತೊಳೆದ ಮೇಲೆ ಹಿಂದೆ ಸರಿದು, ತಲೆ ಓರೆ ಮಾಡಿ ನೋಡಿ, ಮತ್ತೆ ಹೋಗಿ ಮೂಲೆ ಉಜ್ಜುತ್ತಿದ್ದ.

ಸುರಪುರದ ಕಡೆಯ ಹಳ್ಳಿಯವನು. ತೊಂಬತ್ತರ ದಶಕದ ನಡುವೆ ಹೆಂಡತಿ ಯಂಕಮ್ಮನ ಜೊತೆ ಗಾರೆ ಕೆಲಸಕ್ಕೆಂದು ಬಂದು, ಕೆ.ಆರ್. ಪುರದ ಹತ್ತಿರ ತಗಡಿನ ಶೆಡ್ಡಿನಲ್ಲಿ ಸಂಸಾರ ಹೂಡಿದ. ಕಾಮಾಲೆ ಬಂದು ಯಂಕಮ್ಮ ಅದೇ ಶೆಡ್ಡಿನಲ್ಲಿ ತೀರಿಕೊಂಡಳು. ಮಕ್ಕಳಿರಲಿಲ್ಲ. ಆಮೇಲೆ ಅವನು ಊರಿಗೂ ಹೋಗಲಿಲ್ಲ, ಇನ್ನೊಂದು ಮದುವೆಯೂ ಆಗಲಿಲ್ಲ. ಗಾರೆ ಬಿಟ್ಟು ಗಾಜು ತೊಳೆಯುವ ಕೆಲಸ ಹಿಡಿದ. ಅಲ್ಲಿ ಅವನಿಗೆ ಜೊತೆಯಾದವನು ಅವನ ಊರಿನವನೇ ಆದ ಬಸು.

ಆಗ ಗಾಜು ತೊಳೆಯುತ್ತಿದ್ದುದು ಹಗ್ಗಕ್ಕೆ ಕಟ್ಟಿದ ಹಲಗೆಯ ಮೇಲೆ ಕೂತು. ಹಲಗೆಯ ಒಂದೊಂದು ತುದಿಗೆ ಒಬ್ಬೊಬ್ಬ. ಇಬ್ಬರೂ ಒಟ್ಟಿಗೇ ಹಗ್ಗ ಬಿಡಬೇಕು, ಇಲ್ಲದಿದ್ದರೆ ಹಲಗೆ ವಾಲುತ್ತದೆ. ಹಲಸೂರಿನ ಒಂದು ಕಟ್ಟಡದಲ್ಲಿ ಮೇಲಿನ ಕೊಕ್ಕೆ ಕಿತ್ತು ಬಂತು. ಮಾನಪ್ಪ ಹಗ್ಗಕ್ಕೆ ಜೋತುಬಿದ್ದು ಉಳಿದ, ಬಸು ಕೆಳಗೆ ಬಿದ್ದ. ಜೀವಕ್ಕೇನೂ ಆಗಲಿಲ್ಲ, ಆದರೆ ಬಲಗಾಲಿನ ಮಂಡಿ ಮತ್ತೆ ಮಡಚಲಿಲ್ಲ.

ಅಂದಿನಿಂದ ಇಬ್ಬರೂ ಗರುಡಾಚಾರ್‌ಪಾಳ್ಯದಲ್ಲಿ ಒಂದೇ ಬಾಡಿಗೆ ಕೋಣೆಯಲ್ಲಿದ್ದರು. ಮಾನಪ್ಪ ದುಡಿದು ತರುತ್ತಿದ್ದ, ಬಸು ರೊಟ್ಟಿ ಬಡಿಯುತ್ತಿದ್ದ. ಕೂತು ಉಣ್ಣುವುದು ಬಸುವಿನ ಜಾಯಮಾನವಲ್ಲ. ಊರಿನಲ್ಲಿ ಅಣ್ಣನ ಮನೆಯಿತ್ತು, ಅತ್ತಿಗೆಯ ಬಿರುನುಡಿಯೂ ಇತ್ತು. ಆದರೂ ಅಲ್ಲಿಗೇ ಹೋಗುತ್ತೇನೆಂದು ಅವನು ಆಗಾಗ ಚೀಲ ಕಟ್ಟುತ್ತಿದ್ದ, ಮಾನಪ್ಪ ಬಿಚ್ಚಿಸುತ್ತಿದ್ದ. ಇಷ್ಟು ದೊಡ್ಡ ಊರಿನಲ್ಲಿ ಮಾನಪ್ಪನಿಗೆ ತನ್ನವನು ಎಂದು ಇದ್ದವನು ಅವನೊಬ್ಬನೇ. ಅವನಿಗೊಂದು ಕೆಲಸ ಸಿಕ್ಕರೆ ಮಾತ್ರ ಅವನು ಉಳಿಯುತ್ತಾನೆ ಎಂಬುದು ಮಾನಪ್ಪನಿಗೆ ಗೊತ್ತಿತ್ತು. ಮಡಚದ ಕಾಲಿಗೆ ಯಾರು ಕೆಲಸ ಕೊಡುತ್ತಾರೆ?

ಅಷ್ಟರಲ್ಲಿ ನೀರಿನ ಕೋಲು ಬಂತು. ನಾಲ್ಕನೇ ಅಂತಸ್ತಿಗೆ ಮುಟ್ಟುವ ಉದ್ದನೆಯ ಕೋಲು, ತುದಿಗೆ ಬ್ರಶ್ಶು, ಒಳಗೆ ಸಣ್ಣ ಪೈಪು. ಕೆಳಗೆ ಗಾಲಿ ಗಾಡಿಯ ಮೇಲೆ ಟ್ಯಾಂಕು, ಬ್ಯಾಟರಿ, ಪಂಪು. ಉಪ್ಪು ಸೋಸಿದ ನೀರಾದ್ದರಿಂದ ತೊಳೆದು ಬಿಟ್ಟರೆ ಸಾಕು, ಕಲೆಯಿಲ್ಲದೆ ಒಣಗುತ್ತದೆ. ಹಗ್ಗವೂ ಬೇಡ, ಹಲಗೆಯೂ ಬೇಡ, ನೆಲದ ಮೇಲೆ ನಿಂತೇ ಕೆಲಸ. ಗುತ್ತಿಗೆದಾರ ವಿಕ್ರಮ್ ಒಂದು ಬೆಳಿಗ್ಗೆ ಮಾರುವವನನ್ನು ನಮ್ಮ ಅಂಗಳಕ್ಕೇ ಕರೆದುಕೊಂಡು ಬಂದ. ಎರಡು ಮಷೀನುಗಳಿದ್ದವು. ಒಂದರದು ಕಪ್ಪಗಿನ ಹಗುರ ಕೋಲು, ಪುಟ್ಟ ಪಂಪು. ಕೋಲಿನ ಬುಡದ ನಲ್ಲಿ ಮುಚ್ಚಿದರೆ ಪಂಪು ತಾನೇ ನಿಲ್ಲುತ್ತಿತ್ತು. ಇನ್ನೊಂದು ಊರೂರು ಸುತ್ತಿ ತೋರಿಸಿ ತೋರಿಸಿ ಸವೆದದ್ದು. ಕೋಲು ಭಾರ, ಗಾಡಿ ಇನ್ನೂ ಭಾರ. ಅದರ ನಲ್ಲಿ ಮುಚ್ಚಿದರೂ ಪಂಪು ಒದರುತ್ತಲೇ ಇತ್ತು, ಪೈಪು ಊದಿಕೊಳ್ಳುತ್ತಿತ್ತು. ಮಾರುವವನು ಸ್ವಿಚ್ ಆರಿಸಲು ಟೈ ಹಾರಿಸಿಕೊಂಡು ಓಡುತ್ತಿದ್ದ. ನಾನು ಮೆಟ್ಟಿಲ ಮೇಲೆ ನಿಂತು ನಗು ತಡೆದುಕೊಂಡೆ.

"ಮಾನಪ್ಪ, ನೀನೇ ಹೇಳಪ್ಪ. ಯಾವ್ದು ತಗೊಳ್ಳೋಣ?" ಎಂದ ವಿಕ್ರಮ್.

ಮಾನಪ್ಪ ಹಗುರ ಕೋಲನ್ನು ಒಮ್ಮೆ ಎತ್ತಿ ನೋಡಿ ವಾಪಸ್ಸು ಕೊಟ್ಟ. ಭಾರದ್ದರ ಮೇಲೆ ಕೈಯಿಟ್ಟ.

"ಇದು ಛಲೋ ಅದರಿ ಸರ. ಅದು ಗಾಳಿಗೆ ಹೊಯ್ದಾಡ್ತದ. ಆದ್ರ ಇದಕ್ಕ ಇಬ್ಬರು ಬೇಕ್ರಿ. ಒಬ್ಬ ಕೋಲು ಹಿಡೀಬೇಕು, ಒಬ್ಬ ಪಂಪಿನ ಬಾಜೂಕ ಕೂತು ಚಾಲೂ-ಬಂದ್ ಮಾಡಬೇಕು."

ತೋರಿಸಲು ತಂದ ಹಳೆಯ ಮಾಲು ಅಗ್ಗಕ್ಕೆ ಸಿಗುತ್ತಿದ್ದುದರಿಂದ ವಿಕ್ರಮ್‌ಗೂ ಖುಷಿಯೇ. "ಸರಿ, ಇನ್ನೊಬ್ಬನ್ನ ಕರ್ಕೊಂಡ್ಬಾ," ಎಂದ. ಮರುದಿನ ಬಸು ಕಾಲೆಳೆಯುತ್ತಾ ಬಂದ.

ಇವನೆಂಥ ದಡ್ಡ, ಚಿನ್ನದಂಥ ಮಷೀನು ಬಿಟ್ಟು ಗುಜರಿ ಆರಿಸಿಕೊಂಡನಲ್ಲ ಎಂದು ನಾನು ಅಂದುಕೊಂಡೆ. ಅವನು ಆರಿಸಿದ್ದು ಮಷೀನನ್ನಲ್ಲ. ಇದನ್ನು ಅವನು ನನಗೆ ಹೇಳಿದ್ದು ಎಲ್ಲ ಮುಗಿದ ಮೇಲೆ. ಬಸುವಿಗಂತೂ ಎಂದೂ ಹೇಳಲಿಲ್ಲ. ಪಂಪು ಕೆಟ್ಟಿರುವುದರಿಂದ ತನಗೆ ಕೆಲಸ ಸಿಕ್ಕಿದೆ ಎಂದು ತಿಳಿದರೆ ಅವನು ಪಂಪಿನ ಪಕ್ಕ ಹಾಕಿಕೊಟ್ಟ ಸ್ಟೂಲಿನ ಮೇಲೆ ಒಂದು ಗಳಿಗೆಯೂ ಕೂರುತ್ತಿರಲಿಲ್ಲ.

ಸ್ಟೂಲಿನ ಮೇಲೆ ಅವನ ಠೀವಿ ನೋಡಬೇಕಿತ್ತು. "ಮೇಡಂ, ನಾ ಪಂಪ್ ಆಪರೇಟರ್ ಅದೀನ್ರಿ," ಎಂದು ಪರಿಚಯ ಹೇಳಿಕೊಂಡ. ಮಾನಪ್ಪ "ಹಾಕೋ" ಎಂದರೆ ಹಾಕುವನು, "ನಿಲ್ಸೋ" ಎಂದರೆ ಆರಿಸುವನು. ಟ್ಯಾಂಕಿನ ನೀರು ತಳ ಮುಟ್ಟಿದರೆ ಪಂಪು ಗಾಳಿ ಎಳೆದು ಬರಿದೇ ಗೊರಗುಡುತ್ತಿತ್ತು. ಆಗ ಪೈಪು ಬಿಚ್ಚಿ, ಚೊಂಬಿನಲ್ಲಿ ನೀರು ಹುಯ್ದು, ಎಮ್ಮೆಗೆ ಹೇಳುವಂತೆ ಬೈದು, ಬುದ್ಧಿ ಹೇಳಿ ಮತ್ತೆ ಎಬ್ಬಿಸುವನು. ನಮ್ಮ ಬೋರಿನ ಗಡಸು ನೀರಿಗೆ ಸೋಸುವ ಡಬ್ಬಿ ಬೇಗ ಸೋತು ಗಾಜಿನ ಮೇಲೆ ಬಿಳಿ ಚುಕ್ಕೆ ಬಂದರೆ ನಾನು ಕೆಳಗಿಳಿದು ಜಗಳ ತೆಗೆಯುತ್ತಿದ್ದೆ. ಬಸು ನನ್ನನ್ನೇ ಸಮಾಧಾನ ಮಾಡುತ್ತಿದ್ದ. ಮಿಕ್ಕ ಹೊತ್ತೆಲ್ಲ ಮಾತು. ಎಣಗಾಯಿಗೆ ಉಪ್ಪು ಜಾಸ್ತಿ ಹಾಕಿದವರು ಯಾರು, ಕಮ್ಮನಹಳ್ಳಿಯ ಹೋಟೆಲಿನಲ್ಲಿ ಕೊಡುವುದು ಜೋಳದ ರೊಟ್ಟಿಯೋ ಚಪ್ಪಲಿಯೋ, ಇಂಥವು. ಕೋಲು ಮೇಲೆತ್ತಿ ಕತ್ತು ಎತ್ತಿಯೇ ನಿಂತಿರುತ್ತಿದ್ದ ಮಾನಪ್ಪ ಅಲ್ಲಿಂದಲೇ ಉತ್ತರ ಕೊಡುತ್ತಿದ್ದ. ಹೆಂಡತಿ ಹೋದ ಮೇಲೆ ಅವನು ನಗುವುದನ್ನು ಆ ಕಾಲದಲ್ಲೇ ಜನ ನೋಡಿದ್ದು.

ಒಂದು ದಿನ ಬಸು ಅತ್ತ ಯಾರನ್ನೋ ಮಾತಾಡಿಸುತ್ತಿದ್ದಾಗ ಮಾನಪ್ಪ ನಲ್ಲಿ ಮುಚ್ಚಿ "ನಿಲ್ಸೋ" ಎಂದ. ಬಸುವಿಗೆ ಕೇಳಲಿಲ್ಲ. ಪೈಪು ಕಿತ್ತುಕೊಂಡು ಹಾರಿ, ಆಗ ತಾನೇ ಕಾರಿನಿಂದಿಳಿದ ಅತಿಥಿಗಳ ಮೈಯೆಲ್ಲ ತೊಯ್ದುಹೋಯಿತು. ವಿಕ್ರಮ್ ಓಡಿ ಬಂದು ಎಲ್ಲರೆದುರು ಮಾನಪ್ಪನಿಗೆ ಬಾಯಿಗೆ ಬಂದಂತೆ ಬೈದ. ತಪ್ಪು ತನ್ನದೆಂದು ಹೇಳಲು ಬಸು ಮುಂದೆ ಬಂದರೆ ಮಾನಪ್ಪ ಅವನ ತೋಳು ಹಿಡಿದು ಹಿಂದಕ್ಕೆ ತಳ್ಳಿದ. ಗೆಳೆಯ ತನ್ನ ಪಾಲಿನ ಬೈಗುಳ ತಿಂದದ್ದು ಬಸುವಿನ ಎದೆಯಲ್ಲಿ ಮುಳ್ಳಿನಂತೆ ಕೂತಿತು.

ಅದಾಗಿ ಸ್ವಲ್ಪ ದಿನಕ್ಕೆ ಆಯುಧಪೂಜೆ. ಬಸುವಿನ ಮನೆಯ ಪದ್ಧತಿಯಲ್ಲಿ ಮುಕ್ಕಾದ ಆಯುಧಕ್ಕೆ ಪೂಜೆಯಿಲ್ಲ. ಕುಂಟೆಯ ಹಲ್ಲು ಮುರಿದಿದ್ದರೆ, ಕುಡಗೋಲು ಮೊಂಡಾಗಿದ್ದರೆ ಮೊದಲು ಬಡಿಗೇರನ ಮನೆ, ಕಂಬಾರನ ಮನೆ ಮುಟ್ಟಿಸಿ ತಂದು, ಆಮೇಲೆ ವಿಭೂತಿ. ಪೈಪು ಕೀಳುವ ಪಂಪಿಗೆ ಹೂವು ಏರಿಸುವುದು ಅವನ ಮನಸ್ಸಿಗೆ ಒಪ್ಪಲಿಲ್ಲ. ಮಾನಪ್ಪ ಇಂದಿರಾನಗರಕ್ಕೆ ಬೇರೆ ಕೆಲಸಕ್ಕೆ ಹೋಗಿದ್ದ ದಿನ, ಪಂಪನ್ನು ಬಿಚ್ಚಿ ಸಿಮೆಂಟು ಚೀಲಕ್ಕೆ ಹಾಕಿಕೊಂಡು ಬಸ್ಸು ಹತ್ತಿ ಶಿವಾಜಿನಗರಕ್ಕೆ ಹೋದ. ಅಲ್ಲಿ ಮೋಟರು, ಪಂಪು ರಿಪೇರಿ ಮಾಡುವ ಅಜ್ಮತ್ ಅದನ್ನು ಬಿಚ್ಚಿ ನೋಡಿ, "ಅರೆ ಭಾಯ್, ಪಂಪ್‌ಗೆ ಏನೂ ಆಗಿಲ್ಲ. ಒಳಗೆ ಸ್ವಿಚ್ ಕಚ್ಕೊಂಡೈತೆ ಅಷ್ಟೇ. ನಲ್ಲಿ ಮುಚ್ಚಿದ್ರೆ ಇದು ತಾನೇ ನಿಲ್ಬೇಕು," ಎಂದು ಉಪ್ಪು ಕೆರೆದು ಹೊಸ ಸ್ವಿಚ್ಚು ಕೂರಿಸಿಕೊಟ್ಟ.

ಪಂಪು ತಾನೇ ನಿಂತರೆ ತಾನೇಕೆ ಎಂಬುದು ಬಸುವಿಗೆ ಹೊಳೆಯಲಿಲ್ಲವೇ ಎಂದು ನಾನು ಎಷ್ಟೋ ಸಲ ಕೇಳಿಕೊಂಡಿದ್ದೇನೆ. ಹೊಳೆದಿರಲಿಕ್ಕಿಲ್ಲ. ಒಕ್ಕಲುತನದ ಮನೆಯಲ್ಲಿ ಕುಂಟೆ ನೆಟ್ಟಗಾದರೆ ಯಾರನ್ನೂ ಕೆಲಸದಿಂದ ಬಿಡಿಸುವುದಿಲ್ಲ. ಅವನಿಗೆ ಗೊತ್ತಿದ್ದ ಲೆಕ್ಕ ಅದು. ಇನ್ನು ಮಾನಪ್ಪನಿಗೆ ಯಾರೂ ಬೈಯುವುದಿಲ್ಲ ಎಂದಷ್ಟೇ ಅವನು ಯೋಚಿಸಿದ್ದ.

ಪೂಜೆಯ ದಿನ ಅಂಗಳದಲ್ಲಿ ಜನರೇಟರು, ಲಾನ್ ಕತ್ತರಿಸುವ ಮಷೀನು, ನೀರಿನ ಕೋಲು ಎಲ್ಲಕ್ಕೂ ಸೇವಂತಿಗೆ ಹಾರ. ಮಂಗಳಾರತಿಯಾದ ಮೇಲೆ ಒಂದೊಂದು ಮಷೀನನ್ನೂ ಯಜಮಾನರ ಎದುರು ಒಂದು ಸಲ ಚಾಲೂ ಮಾಡಿ ನಿಲ್ಲಿಸುವುದು ನಮ್ಮಲ್ಲಿ ರೂಢಿ. ಕೋಲಿನ ಸರದಿ ಬಂದಾಗ ಬಸು ಎದ್ದ. ಸ್ವಿಚ್ ಹಾಕಿ, ಕುಂಟುತ್ತಾ ಕೋಲಿನ ಹತ್ತಿರ ಹೋಗಿ ನಲ್ಲಿ ಮುಚ್ಚಿದ. ಪಂಪು ಒಂದು ಸಲ ಮುಲುಗಿ ಸುಮ್ಮನಾಯಿತು. ಬಸು ಎರಡೂ ಕೈ ಮೇಲೆತ್ತಿ ತೋರಿಸಿದ.

"ನೋಡ್ರಿ ಸರ, ತಾನ ನಿಂತಿತು. ಇನ್ನ ಇದಕ್ಕ ಯಾರೂ ಬೇಡ."

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ವಿಕ್ರಮ್ ಚಪ್ಪಾಳೆ ತಟ್ಟಿ, "ಸೂಪರ್ ಗುರು," ಎಂದು ಅವನ ಕೈಗೆ ಸಿಹಿಯ ಪೊಟ್ಟಣವಿಟ್ಟ. ಶಿವಾಜಿನಗರದ ಕತೆಯನ್ನು ಬಸು ಎಲ್ಲರಿಗೂ ಕೈ ಬಾಯಿ ತಿರುಗಿಸಿ ಹೇಳಿದ. ಮಾನಪ್ಪ ಕುಂಬಳಕಾಯಿ ಒಡೆದ ಜಾಗದಲ್ಲಿ ತಲೆ ತಗ್ಗಿಸಿ ಹೋಳು ಆಯುತ್ತಿದ್ದ. ಆಗ ನನಗೆ ಏನೂ ತಿಳಿಯಲಿಲ್ಲ.

ಹೊಸ ತಿಂಗಳಿಗೆ ವಿಕ್ರಮ್ ಹೇಳಿದ: ಪಂಪು ಆಟೋ ಆಗಿದೆ, ಒಬ್ಬನೇ ಸಾಕು. ಮಾನಪ್ಪ ಬೇಡಿಕೊಂಡ. ನಾನೂ ಹೇಳಿ ನೋಡಿದೆ. "ಮೇಡಂ, ನಿಮ್ ಬಿಲ್ಡಿಂಗಿಗೆ ಕಡಿಮೆ ರೇಟ್ ಬೇಕು ಅಂತೀರ, ಇಬ್ರನ್ನ ಹೇಗೆ ಇಡ್ಲಿ?" ಎಂದ. ಆ ವಾರ ಮಾನಪ್ಪ ಸ್ಕ್ರೂಡ್ರೈವರ್ ಹಿಡಿದು ಪಂಪಿನ ಮುಂದೆ ಕೂತಿದ್ದನಂತೆ, ಸ್ವಿಚ್ಚನ್ನು ಮತ್ತೆ ಕೆಡಿಸಲು. "ಅದರ ಮ್ಯಾಲ ಬಸ್ಯಾ ಹಚ್ಚಿದ ಕುಂಕುಮ ಹಂಗೇ ಇತ್ರಿ ಮೇಡಂ. ಕೈ ಏಳಲಿಲ್ಲ," ಎಂದು ನನಗೆ ಹೇಳಿದ.

ಊರಿಗೆ ಹೊರಟ ದಿನ ಬಸು ನನ್ನ ಹತ್ತಿರ ಬಂದು ಆಫೀಸಿನ ಫೋನ್ ನಂಬರು ಬರೆಸಿಕೊಂಡ. ಮುಖದಲ್ಲಿ ಬೇಸರವಿತ್ತು, ಸಣ್ಣ ಹೆಮ್ಮೆಯೂ ಇತ್ತು. "ಹೋಗೂ ಮೊದ್ಲ ಒಂದು ಛಲೋ ಕೆಲಸ ಮಾಡಿ ಹೊಂಟೀನ್ರಿ," ಎಂದ. ಮಾನಪ್ಪ ಅವನ ಚೀಲ ಹಿಡಿದು ಹಿಂದೆ ನಿಂತಿದ್ದ.

ಆಮೇಲೆ ಮಾನಪ್ಪ ದಿನವೆಲ್ಲ ಒಬ್ಬನೇ ನಮ್ಮ ಗಾಜಿಗೆ ಮುಖ ಮಾಡಿ ನಿಂತಿರುತ್ತಿದ್ದ. ಒಳಗಿನವರಿಗೆ ಅವನು ಕಾಣುತ್ತಿದ್ದ. ಅವನಿಗೆ ಕಾಣುತ್ತಿದ್ದುದು ಆಕಾಶ ಮತ್ತು ತನ್ನದೇ ಕೋಲು. ಮಧ್ಯಾಹ್ನ ಡಬ್ಬಿ ಬಿಚ್ಚಿ, ಎರಡು ತುತ್ತು ತಿಂದು ಮುಚ್ಚಿಡುತ್ತಿದ್ದ. ಅಂಥ ಒಂದು ಮಧ್ಯಾಹ್ನವೇ ಅವನು ನನಗೆ ಎಲ್ಲವನ್ನೂ ಹೇಳಿದ್ದು. "ಅವನಿಗೆ ನಿಜ ಹೇಳಬೇಕಿತ್ತಲ್ಲಪ್ಪ," ಎಂದೆ. "ತನ್ನ ಕೈಯಾರೆ ಕೆಲಸ ಹೋತು ಅಂತ ಗೊತ್ತಾದ್ರ ಅವಾ ಅಲ್ಲಿ ಊರಾಗ ಹೆಂಗ ಇರ್ತಾನ್ರಿ?" ಎಂದ.

ಮಳೆಗಾಲದ ಹೊತ್ತಿಗೆ ನಮ್ಮ ಬೋರಿನ ಉಪ್ಪು ಹೊಸ ಸ್ವಿಚ್ಚನ್ನೂ ತಿಂದಿತು. ಪಂಪು ಮತ್ತೆ ನಿಲ್ಲದಾಯಿತು. ಮಾನಪ್ಪ ಅದನ್ನು ವಿಕ್ರಮ್‌ಗೆ ಹೇಳಲು ಹೋದಾಗಿನ ಅವನ ಮುಖ ನನಗೆ ನೆನಪಿದೆ. ಅಷ್ಟು ಲವಲವಿಕೆ ಅವನಲ್ಲಿ ತಿಂಗಳುಗಳಿಂದ ಕಂಡಿರಲಿಲ್ಲ. "ಮತ್ತ ಇಬ್ಬರು ಬೇಕಾಗ್ತದ್ರಿ ಸರ. ಬಸುಗ ಫೋನ್ ಹಚ್ಚಲೇನ್ರಿ?" ಎಂದ. ವಿಕ್ರಮ್ ಗಡಿಯಾರ ನೋಡಿ, "ಆ ಗುಜರಿ ಸಾಕಪ್ಪ, ಹೊಸದು ತಂದ್ಬಿಡ್ತೀನಿ," ಎಂದ. ತಂದೂಬಿಟ್ಟ. ಹಗುರ ಕೋಲು, ತಾನೇ ನಿಲ್ಲುವ ಪಂಪು. ಹಳೆಯ ಗಾಡಿಯನ್ನು ಜನರೇಟರಿನ ಹಿಂದಕ್ಕೆ ದಬ್ಬಿದರು.

ಆ ವರ್ಷದ ಆಯುಧಪೂಜೆಯ ದಿನ ಆಫೀಸಿಗೆ ಬಸುವಿನ ಫೋನು ಬಂತು. ನಾನು ಮಾನಪ್ಪನನ್ನು ಕರೆಸಿ ಕೊಟ್ಟೆ. ಆ ಕಡೆಯ ದನಿ ಎಷ್ಟು ದೊಡ್ಡದಾಗಿತ್ತೆಂದರೆ ನನಗೂ ಕೇಳುತ್ತಿತ್ತು.

"ಮಾನ್ಯಾ, ನಾ ಮಾಡಿಸಿದ ಪಂಪ್ ಹೆಂಗದಲೇ? ಪೂಜಿ ಮಾಡಿದ್ಯೋ ಇಲ್ಲೋ?"

ಮಾನಪ್ಪ ಕಿಟಕಿಯ ಕಡೆ ತಿರುಗಿಕೊಂಡ.

"ಮಾಡೀನಪ. ಭಾಳ ಛಲೋ ನಡದದ. ನೀ ಹೋದಾಗಿಂದ ಒಂದ್ ದಿನಾನೂ ಕೆಟ್ಟಿಲ್ಲ."

"ಮತ್ತ? ನಾ ಹೇಳಿದ್ದಿಲ್ಲ?" ಎಂದು ಬಸು ಅತ್ತ ನಗುತ್ತಿದ್ದ. ಮಾನಪ್ಪನೂ ನಗಲು ನೋಡಿದ. ಆಮೇಲೆ ಫೋನನ್ನು ನನ್ನ ಕೈಗೆ ಕೊಟ್ಟು, ಕಣ್ಣು ಒರೆಸಿಕೊಂಡು ಕೆಳಗಿಳಿದು ಹೋದ. ಎರಡನೇ ಅಂತಸ್ತಿನ ಗಾಜು ಇನ್ನೂ ಬಾಕಿಯಿತ್ತು.