ಪಕ್ಕದ ಮನೆಯ ಮೀನು

ಹೋದ ವಾರ ನಮ್ಮ ಬೀದಿಯ ಕೊನೆಯಲ್ಲಿ ಯಾರೋ ಮನೆ ಕಟ್ಟಲು ಮರಳು ಹೊಡೆಸಿದ್ದರು. ಬೆಳಿಗ್ಗೆ ಹಾಲಿಗೆ ಹೋಗುವಾಗ ಹೆಂಗಸೊಬ್ಬಳು ಆ ರಾಶಿಗೆ ಪೈಪಿನಲ್ಲಿ ನೀರು ಬಿಡುತ್ತಿದ್ದಳು. ಹಸಿ ಮರಳಿನ ವಾಸನೆ ಬಂದದ್ದೇ ತಡ, ಅಲ್ಲೇ ನಿಂತುಬಿಟ್ಟೆ. ರಾಮನಗರದ ಆ ವಠಾರ, ಪಕ್ಕದ ಮನೆಯ ಬಾಗಿಲಲ್ಲಿ ಬಕೆಟ್ಟುಗಳ ಸಾಲು, ಅವುಗಳ ಮುಂದೆ ಕುಕ್ಕರಗಾಲಲ್ಲಿ ಕೂತು ಅಕ್ಕಿ ತೊಳೆದ ಹಾಗೆ ಮರಳು ತೊಳೆಯುತ್ತಿದ್ದ ಆ ಮನುಷ್ಯ...

ಅವರು ಹಾರೋಹಳ್ಳಿಯ ಒಂದು ಫ್ಯಾಕ್ಟರಿಯಲ್ಲಿ ಮೆಷಿನ್ ಆಪರೇಟರ್. ನನಗಿಂತ ಐದಾರು ವರ್ಷ ಚಿಕ್ಕವರು. ನಾನು ಕಾಲೇಜೊಂದರಲ್ಲಿ ಗುಮಾಸ್ತ. ನಮ್ಮಿಬ್ಬರ ಮನೆಗೂ ನಡುವೆ ಒಂದೇ ಗೋಡೆ. ಅಮ್ಮ ತೀರಿಕೊಂಡ ಮೇಲೆ ಅಪ್ಪ ನಮ್ಮೂರು ಅಕ್ಕೂರಿನ ಜಮೀನನ್ನೂ ರೇಷ್ಮೆ ಹುಳುವಿನ ಮನೆಯನ್ನೂ ಅಣ್ಣನಿಗೆ ಒಪ್ಪಿಸಿ ನನ್ನ ಜೊತೆ ಇರಲು ಬಂದಿದ್ದ. ನಾನೇ ಹಟ ಹಿಡಿದು ಕರೆತಂದಿದ್ದೆ. ಚಿಕ್ಕಂದಿನಿಂದ ಅಪ್ಪನಿಗೆ ಅಣ್ಣನೇ ಹತ್ತಿರ. ರೇಷ್ಮೆ ಹುಳ, ಹಿಪ್ಪುನೇರಳೆ ಸೊಪ್ಪು ಅಂತ ಅವರಿಬ್ಬರಿಗೆ ದಿನವೆಲ್ಲ ಮಾತಿರುತ್ತಿತ್ತು. ನಾನು ಓದುವ ಹುಡುಗ ಅಂತ ನನ್ನನ್ನು ಯಾರೂ ಕರೆಯುತ್ತಿರಲಿಲ್ಲ. ಈಗಲಾದರೂ ಅಪ್ಪ ನನ್ನ ಪಾಲಿಗೆ ಸಿಕ್ಕ ಅಂದುಕೊಂಡಿದ್ದೆ.

ಪಕ್ಕದ ಮನೆಯವರು ಮೀನಿನ ತೊಟ್ಟಿ ತಂದದ್ದು ಆ ದಿನಗಳಲ್ಲೇ. ನಾಲ್ಕಡಿ ಉದ್ದದ ಗಾಜಿನ ತೊಟ್ಟಿ. ಅದರಲ್ಲಿ ಸಿಕ್ಲಿಡ್ ಅನ್ನುವ, ಆಫ್ರಿಕಾದ ಸರೋವರದ ಮೀನು ಸಾಕಬೇಕೆಂದು ಅವರ ಆಸೆ. ಅಂಗಡಿಯ ಬಣ್ಣದ ಕಲ್ಲು ಬೇಡವೆಂದು ತಳಕ್ಕೆ ಹಾಸಲು ಮರಳು ತಂದು, ಒಂದು ಇಡೀ ಭಾನುವಾರ ತೊಳೆದರು. ಅಪ್ಪ ಜಗಲಿಯಲ್ಲಿ ಕೂತು ನೋಡುತ್ತಿದ್ದ.

“ಅದ್ಯಾಕಪ್ಪ ಮರಳು?” ಅಂದ.

“ಈ ಮೀನು ಬಾಯ್ತುಂಬ ಮರಳು ತಗೊಂಡು ಸೋಸಿ ಉಗುಳ್ತವೆ ಯಜಮಾನ್ರೇ. ಗುಂಡಿನೂ ತೋಡ್ತವೆ.”

“ಗುಂಡಿ ತೋಡ್ತವೆ ಅಂದ್ಮೇಲೆ ಮೊದ್ಲು ಕಲ್ಲು ಕೂರ್ಸು, ಆಮೇಲೆ ಮರಳು ಸುರಿ. ಇಲ್ದಿದ್ರೆ ಕಲ್ಲು ಉರುಳಿ ಗಾಜು ಒಡೀತದೆ.”

ಅವರು ಹಾಗೇ ಮಾಡಿದರು. ಅಷ್ಟೇ ಸಾಕಾಯಿತು. ಅಂದಿನಿಂದ ಅಪ್ಪನ ಸಂಜೆಗಳೆಲ್ಲ ಅಲ್ಲಿಯೇ. ಕ್ಲೋರಿನ್ ಹೋಗಲೆಂದು ನಲ್ಲಿ ನೀರನ್ನು ಡ್ರಮ್ಮಿನಲ್ಲಿ ಎರಡು ದಿನ ಹಾಗೇ ಬಿಡುವುದು, ವಾರಕ್ಕೊಮ್ಮೆ ಮರಳು ಕದಡದಂತೆ ಪೈಪಿನಿಂದ ಕಸ ಎಳೆದು ಒಂದು ಪಾಲು ನೀರು ಬದಲಿಸುವುದು, ಸೋಪಿನ ಕೈ ತಾಗದಂತೆ ನೋಡಿಕೊಳ್ಳುವುದು, ಇವೆಲ್ಲ ಹುಳ ಸಾಕಿದವನಿಗೆ ಒಗ್ಗಿದ ಕೆಲಸಗಳು. ನಾನು ಕೆಲಸದಿಂದ ಬಂದು ಕಾಫಿ ಹಿಡಿದು ಒಬ್ಬನೇ ಕೂತಿರುತ್ತಿದ್ದೆ. ಗೋಡೆಯಾಚೆ ಅಪ್ಪ ನಗುವುದು ಕೇಳಿಸುತ್ತಿತ್ತು. ನಮ್ಮಪ್ಪ ಹಾಗೆ ನಗಬಲ್ಲ ಎಂಬುದೇ ನನಗೆ ಗೊತ್ತಿರಲಿಲ್ಲ.

ಒಂದು ಸಂಜೆ ಅಪ್ಪ ಓಡೋಡಿ ಬಂದ. “ಆ ಹೆಣ್ಮೀನು ಮರಿಗಳ್ನ ಬಾಯಲ್ಲೇ ಇಕ್ಕಂಡೈತೆ ಕಣ್ಲಾ. ಹದಿನೈದು ದಿನದಿಂದ ಏನೂ ತಿಂದಿಲ್ಲ, ಹುಳ ಪೊರೆ ಬಿಡೋಕೆ ಸೊಪ್ಪು ಬಿಟ್ಟು ಜ್ವರಕ್ಕೆ ಕೂತಂಗೆ. ಬಾ, ನೋಡೀವಂತೆ.”

“ಊಟಕ್ಕೆ ಹೊತ್ತಾಯ್ತು, ಕೈ ತೊಳ್ಕೊ” ಅಂದೆ. ಅಪ್ಪನ ಮುಖ ಇಳಿದುಹೋಯಿತು.

ಮರುವಾರವೇ ನಾನೂ ಒಂದು ತೊಟ್ಟಿ ತಂದೆ, ಅವರದಕ್ಕಿಂತ ದೊಡ್ಡದು. ಮರಳನ್ನು ಸರಿಯಾಗಿ ತೊಳೆಯದೆ ಸುರಿದೆ. ನಾಲ್ಕು ದಿನವಾದರೂ ನೀರು ರಾಡಿ. ಕೊನೆಗೆ ಅವರೇ ತಮ್ಮ ರಜೆಯ ದಿನ ಬಂದು ಅಷ್ಟೂ ಮರಳನ್ನು ತೆಗೆದು, ಏಳೆಂಟು ಸಲ ತೊಳೆದು ಮತ್ತೆ ಹಾಸಿಕೊಟ್ಟರು. “ಮೀನು ಬಿಡೋಕೆ ಅವಸರ ಬ್ಯಾಡಿ ಸಾರ್, ಒಸಿ ತಾಳ್ಮೆ ಬೇಕು. ನೀರು ಹದ ಆಗ್ಲಿ” ಅಂದರು. ನನಗೆ ಸಹಾಯ ಮಾಡಿದ್ದಕ್ಕೇ ಅವರ ಮೇಲೆ ಇನ್ನಷ್ಟು ಸಿಟ್ಟು ಬಂತು. ಎರಡೇ ದಿನಕ್ಕೆ ಇಪ್ಪತ್ತು ಮೀನು ತಂದು ಬಿಟ್ಟೆ. ತಿಂಗಳೊಳಗೆ ಒಂದೂ ಉಳಿಯಲಿಲ್ಲ. ತೊಟ್ಟಿ ಅಟ್ಟ ಸೇರಿತು. ಅಪ್ಪ ಎಂದಿನಂತೆ ಪಕ್ಕದ ಮನೆಗೆ ಹೋದ.

ಬೇಸಿಗೆಯಲ್ಲಿ ಅವರು ಹೆಂಡತಿಯ ತವರು ಕಲ್ಯಕ್ಕೆ ಎರಡು ದಿನದ ಮಟ್ಟಿಗೆ ಹೋದರು. ಬೀಗದ ಕೈಯನ್ನು ಅಪ್ಪನಿಗೆ ಕೊಟ್ಟು, ಕರೆಂಟ್ ಹೋದರೆ ಬ್ಯಾಟರಿಯ ಗಾಳಿ ಪಂಪ್ ಹಾಕಿದರೆ ಸಾಕು ಎಂದು ತೋರಿಸಿದ್ದರು. ಭಾನುವಾರ ಬೆಳಿಗ್ಗೆ, ಹುಳ ಹಣ್ಣಾಗಿ ಗೂಡು ಕಟ್ಟಲು ತಯಾರಾಗಿವೆ, ಕೈ ಸಾಲದು ಎಂದು ಅಣ್ಣ ಫೋನ್ ಮಾಡಿದ. ಅಪ್ಪ ಬೀಗದ ಕೈಯನ್ನು ನನ್ನ ಕೈಗಿಟ್ಟು, “ಕರೆಂಟ್ ಹೋದ್ರೆ ಆ ಪಂಪ್ ಹಾಕು, ಮರೀಬ್ಯಾಡ ಕಣ್ಲಾ” ಎಂದು ಹೇಳಿ ಅಕ್ಕೂರಿಗೆ ಹೊರಟ.

ಒಂಬತ್ತಕ್ಕೆ ಕರೆಂಟ್ ಹೋಯಿತು. ಲೈನ್ ಕೆಲಸವಂತೆ. ಬೀಗದ ಕೈ ಮೇಜಿನ ಮೇಲೇ ಇತ್ತು. ಈಗ ಬರುತ್ತದೆ, ಇನ್ನು ಹತ್ತು ನಿಮಿಷಕ್ಕೆ ಬರುತ್ತದೆ ಅಂದುಕೊಳ್ಳುತ್ತ ಪೇಪರ್ ಓದಿದೆ. ಸ್ನಾನ ಮಾಡಿದೆ. ಊಟ ಮಾಡಿದೆ. ಮರೆತೆ ಎಂದು ನಾನು ಹೇಳುವಂತಿಲ್ಲ. ಗೋಡೆಯಾಚೆ ತೊಟ್ಟಿಯ ಮೋಟರಿನ ಗುಂಯ್ ಸದ್ದು ನಿಂತದ್ದು ದಿನವಿಡೀ ನನ್ನ ಕಿವಿಯಲ್ಲಿತ್ತು...

ಮೂರಕ್ಕೆ ಅಪ್ಪ ಬಂದ. ಕರೆಂಟಿಲ್ಲದ್ದು ಕಂಡು ಮೇಜಿನ ಮೇಲಿನ ಬೀಗದ ಕೈ ಎತ್ತಿಕೊಂಡು ನೇರ ಪಕ್ಕದ ಮನೆಗೆ ಹೋದ. ನಾನೂ ಹಿಂದೆ ಹೋದೆ. ಮೀನುಗಳು ಮೇಲೆ ಬಂದು ಬಾಯಿ ತೆರೆಯುತ್ತಿದ್ದವು. ಎಷ್ಟೋ ಆಗಲೇ ಮಗುಚಿ ತೇಲುತ್ತಿದ್ದವು.

“ಯಾವಾಗ ಹೋಯ್ತು ಕರೆಂಟು?”

“ಈಗ್ತಾನೆ. ಅರ್ಧ ಗಂಟೆ ಆಗಿರ್ಬೋದು.”

ಅಪ್ಪ ಒಮ್ಮೆ ನನ್ನ ಮುಖ ನೋಡಿದ. ಪಂಪ್ ಹಾಕಿ, ಅದು ಸಾಲದೆಂದು ಚೊಂಬಿನಲ್ಲಿ ನೀರೆತ್ತಿ ಮೇಲಿನಿಂದ ಸುರಿಯತೊಡಗಿದ. ಕರೆಂಟ್ ಬರುವವರೆಗೂ ಸುರಿದ. ನಾಲ್ಕು ಮೀನು ಉಳಿದವು. ಇನ್ನೊಮ್ಮೆ ಬಾಯಲ್ಲಿ ಮೊಟ್ಟೆ ಇಟ್ಟುಕೊಂಡಿದ್ದ ಆ ಹೆಣ್ಣು ಮೀನು ಉಳಿಯಲಿಲ್ಲ.

ಆಮೇಲೆ ಅಪ್ಪ ಪಕ್ಕದ ಮನೆಗೆ ಹೋಗುವುದನ್ನೇ ಬಿಟ್ಟ. ಸಂಜೆ ನಾನು ಬರುವ ಹೊತ್ತಿಗೆ ನಮ್ಮ ನಡುಮನೆಯಲ್ಲೇ ಕೂತಿರುತ್ತಿದ್ದ. ನಾನು ಬಯಸಿದ್ದು ಅದನ್ನೇ. ಆದರೆ ಕಾಫಿ ಕೊಟ್ಟರೆ ಕುಡಿಯುತ್ತಿದ್ದ, ಕೇಳಿದ್ದಕ್ಕೆ ಹೂಂ ಅನ್ನುತ್ತಿದ್ದ, ಅಷ್ಟೇ. ಆ ದಿನದ ಬಗ್ಗೆ ಸಾಯುವವರೆಗೂ ನನ್ನನ್ನು ಒಂದು ಮಾತು ಕೇಳಲಿಲ್ಲ.

ಎರಡು ವರ್ಷದ ಮೇಲೆ ಅಪ್ಪ ಹೋದ. ಅಷ್ಟರಲ್ಲಿ ಪಕ್ಕದ ಮನೆಯವರು ಮನೆ ಖಾಲಿ ಮಾಡಿ ಕನಕಪುರ ಸೇರಿದ್ದರು. ಸುದ್ದಿ ತಿಳಿದು ಹನ್ನೊಂದನೇ ದಿನಕ್ಕೆ ಅಕ್ಕೂರಿಗೆ ಬಂದರು. ಊಟವಾದ ಮೇಲೆ ನನ್ನನ್ನು ಪಕ್ಕಕ್ಕೆ ಕರೆದರು.

“ಒಂದ್ ಮಾತು ಮನಸ್ಸಲ್ಲೇ ಉಳ್ಕಂಡೈತೆ ಸಾರ್. ಅವತ್ತು ಮೀನು ಸತ್ತಾಗ ಯಜಮಾನ್ರು ನನ್ ಮುಂದೆ ಅತ್ಬುಟ್ರು. ‘ಬೀಗದ ಕೈ ಜೇಬಲ್ಲೇ ಇಟ್ಕಂಡು ಊರಿಗೆ ಹೋಗ್ಬುಟ್ಟೆ ಕಣಪ್ಪ, ನನ್ನ ಮಗ ತಾನೆ ಏನ್ ಮಾಡ್ತಾನೆ’ ಅಂದ್ರು. ಪರ್ವಾಗಿಲ್ಲ ಬುಡಿ ಅಂದೆ. ಆದ್ರೂ ನನ್ ಮುಖ ಸಪ್ಪಗಿತ್ತೇನೋ, ಆಮೇಲೆ ನಮ್ಮನೆ ಕಡೆ ತಲೆನೇ ಹಾಕ್ಲಿಲ್ಲ. ನನ್ನಿಂದ ಅವ್ರಿಗೆ ನೋವಾಯ್ತೇನೋ ಅಂತ...”

ಅವರ ಕಣ್ಣು ತುಂಬಿತ್ತು. ನಿಜ ಹೇಳಲು ಅದಕ್ಕಿಂತ ಒಳ್ಳೆಯ ಗಳಿಗೆ ಬೇರೆ ಇರಲಿಲ್ಲ. ಆದರೆ ಆಗಲೂ ನನ್ನೊಳಗೆ ಎದ್ದದ್ದು ಒಂದೇ ಮಾತು: ಅಪ್ಪ ಇವರ ಮುಂದೆ ಅತ್ತಿದ್ದ. ನನ್ನೆದುರು ಅವನು ಎಂದೂ ಅತ್ತವನಲ್ಲ.

“ಅಪ್ಪಂಗೆ ಆಗ್ಲೇ ಮರೆವು ಜಾಸ್ತಿಯಾಗಿತ್ತು ಬಿಡಿ” ಅಂದೆ.

ಅವರು ತಲೆಯಾಡಿಸಿ, ಅಪ್ಪನ ಫೋಟೋಗೆ ಇನ್ನೊಮ್ಮೆ ಕೈಮುಗಿದು ಬಸ್ಸಿಗೆ ಹೊರಟರು.

ಹೋದ ವಾರ ಆ ಮರಳಿನ ವಾಸನೆ ಹೊತ್ತು ಮನೆಗೆ ಬಂದ ದಿನವೇ ಅವರ ನಂಬರಿಗೆ ಫೋನ್ ಮಾಡಿದೆ. ಅವರ ಹೆಂಡತಿ ಎತ್ತಿಕೊಂಡರು. ಗಂಡ ತೀರಿಕೊಂಡು ವರ್ಷದ ಮೇಲಾಯಿತಂತೆ. ಎದೆನೋವು ಅಂದವರು ಆಸ್ಪತ್ರೆ ಮುಟ್ಟಲಿಲ್ಲವಂತೆ. “ಏನಾದ್ರೂ ಹೇಳೋದಿತ್ತಾ ಅಣ್ಣ?” ಅಂತ ಆಕೆ ಕೇಳಿದರು. ಏನಿಲ್ಲಮ್ಮ, ಸುಮ್ಮನೆ ಮಾಡಿದೆ ಅಂದೆ. ಕನಕಪುರಕ್ಕೆ ಇಲ್ಲಿಂದ ಒಂದು ಗಂಟೆಯ ದಾರಿ. ಬಸ್ಸುಗಳು ಬೇಕಾದಷ್ಟಿವೆ. ಅವರು ಬದುಕಿದ್ದಷ್ಟು ದಿನ ನಾನು ಹತ್ತಲಿಲ್ಲ.